ದಖನ್ನಿನ ಗುರು: ಹಜ್ರತ್ ಖ್ವಾಜಾ ಬಂದೇ ನವಾಜ್ (ರ.ಅ.)

ದಖನ್ನಿನಲ್ಲಿ ಇಸ್ಲಾಮಿನ ಸಂದೇಶ ಹಬ್ಬಿದ ಬಗೆ ಹೇಳುವಾಗ ಸುಲ್ತಾನರ ಹೆಸರನ್ನೇ ಮೊದಲು ಹೇಳುವುದು ರೂಢಿ. ಆದರೆ ಜನರ ಮನಸ್ಸು ಗೆದ್ದವರು ಪಾಠ ಹೇಳುತ್ತ, ಹಸಿದವರಿಗೆ ಅನ್ನವಿಕ್ಕುತ್ತ ಬದುಕಿದ ಸೂಫಿ ಸಂತರು. ಅವರಲ್ಲಿ ಅಗ್ರಗಣ್ಯರು ಕಲಬುರಗಿಯ ಹಜ್ರತ್ ಖ್ವಾಜಾ ಬಂದೇ ನವಾಜ್ ಗೇಸೂದರಾಜ್.

ಅವರ ನಿಜನಾಮ ಸೈಯದ್ ಮುಹಮ್ಮದ್ ಹುಸೈನಿ. 1321ರಲ್ಲಿ ದೆಹಲಿಯಲ್ಲಿ ಜನಿಸಿದರು. ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ದೌಲತಾಬಾದಿಗೆ ಹೊರಟವರಲ್ಲಿ ಈ ಕುಟುಂಬವೂ ಇತ್ತು. ಅಲ್ಲಿ ತಂದೆ ಸೈಯದ್ ಯೂಸುಫ್ ತೀರಿಕೊಂಡರು. ಕೆಲ ವರ್ಷಗಳ ಬಳಿಕ ಬಾಲಕ ತಾಯಿಯೊಂದಿಗೆ ದೆಹಲಿಗೆ ಮರಳಿ, ಮುಂದೆ ಹಜ್ರತ್ ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯನಾದ. ಗುರುವಿನ ಪಲ್ಲಕ್ಕಿ ಹೊತ್ತಾಗ ಕೂದಲು ಅದಕ್ಕೆ ಸಿಕ್ಕಿಕೊಂಡರೂ ನಿಲ್ಲದೆ, ನೋವು ನುಂಗಿ ನಡೆದರೆಂದೂ, ಅದರಿಂದಲೇ ಗೇಸೂದರಾಜ್, ಅಂದರೆ ನೀಳಕೇಶದವರು ಎಂಬ ಹೆಸರು ಬಂತೆಂದೂ ಪ್ರತೀತಿ. 1356ರಲ್ಲಿ ಗುರುಗಳು ಅಗಲಿದ ನಂತರ ನಾಲ್ಕು ದಶಕ ದೆಹಲಿಯಲ್ಲಿ ಬೋಧಿಸಿದರು.

1398ರಲ್ಲಿ ತೈಮೂರನ ದಂಡು ದೆಹಲಿಯತ್ತ ನುಗ್ಗಿತು. ಆಗ ಅವರಿಗೆ 77 ವರ್ಷ. ಮೊಮ್ಮಕ್ಕಳೊಂದಿಗೆ ವಿಶ್ರಾಂತಿ ಪಡೆಯುವ ವಯಸ್ಸಿನಲ್ಲಿ ಊರು ಬಿಡಬೇಕಾಯಿತು. ಗ್ವಾಲಿಯರ್, ಗುಜರಾತ್, ದೌಲತಾಬಾದ್ ದಾಟಿ 1400ರ ಸುಮಾರಿಗೆ ಕಲಬುರಗಿಗೆ ಬಂದರು. ಬಹಮನಿ ಸುಲ್ತಾನ ಫಿರೋಜ್ ಷಾ ಆದರದಿಂದ ಬರಮಾಡಿಕೊಂಡ.

ಅವರು ಸುಮ್ಮನೆ ಕೂಡಲಿಲ್ಲ. ಖಾನ್‌ಖಾದಲ್ಲಿ ಕುರ್‌ಆನ್, ಹದೀಸ್, ತಸವ್ವುಫ್ ಪಾಠ ನಡೆಸಿದರು. ಅರಬ್ಬೀ, ಪಾರ್ಸಿ ಭಾಷೆಗಳಲ್ಲಿ ಅನೇಕ ಗ್ರಂಥ ರಚಿಸಿದರು. ಸಂಸ್ಕೃತ ಗ್ರಂಥಗಳನ್ನೂ ಓದಿಕೊಂಡಿದ್ದರು. ಪರರ ಧರ್ಮವನ್ನು ತಿಳಿಯದೆ ಅವರೊಡನೆ ಮಾತಿಗಿಳಿಯುವ ಅವಸರ ಅವರಿಗಿರಲಿಲ್ಲ. ದಖನಿ ಭಾಷೆಯಲ್ಲಿ ಅವರ ಹೆಸರಿನಲ್ಲಿರುವ ಕೃತಿಗಳ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಸೂಫಿಗಳ ಬೋಧನೆ ಜನರ ಆಡುಮಾತಿಗೆ ಇಳಿದು, ಬೀಸುಕಲ್ಲಿನ ಹಾಡಾಗಿ ಹೆಣ್ಣುಮಕ್ಕಳ ಬಾಯಿಗೂ ಬಂದದ್ದು ನಿಜ. ನಮ್ಮ ಕಲಘಟಗಿ ಕಡೆಯ ಮನೆಗಳಲ್ಲಿ ಆಡುವ ಉರ್ದು ಇದೇ ದಖನಿಯ ಮುಂದುವರಿಕೆ.

ಸುಲ್ತಾನನ ಸ್ನೇಹ ಕೊನೆಯವರೆಗೆ ಉಳಿಯಲಿಲ್ಲ. ಉತ್ತರಾಧಿಕಾರದ ವಿಷಯದಲ್ಲಿ ಅವರು ಸುಲ್ತಾನನ ಮಗನ ಪರ ನಿಲ್ಲಲಿಲ್ಲ. ಕೋಟೆಯ ಬಳಿ ಜನಸಂದಣಿ ಹೆಚ್ಚಿತೆಂಬ ನೆಪದಲ್ಲಿ ಖಾನ್‌ಖಾ ಸ್ಥಳಾಂತರಿಸಲು ಅಪ್ಪಣೆಯಾಯಿತೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅವರು ವಾದಿಸದೆ ಎದ್ದು ಹೋದರು. ಜನ ಅವರ ಹಿಂದೆಯೇ ಹೋದರು.

1422ರ ನವೆಂಬರ್ 1ರಂದು, 101ನೆಯ ವಯಸ್ಸಿನಲ್ಲಿ ಇಹಲೋಕ ತ್ಯಜಿಸಿದರು. ಅಹ್ಮದ್ ಷಾ ಬಹಮನಿ ಕಟ್ಟಿಸಿದ ದರ್ಗಾಕ್ಕೆ ಇಂದಿಗೂ ಜಾತಿ, ಧರ್ಮದ ಭೇದವಿಲ್ಲದೆ ಜನ ಬರುತ್ತಾರೆ. ಅವರ ಹೆಸರಿನಲ್ಲಿ 1980ರಲ್ಲಿ ಇಂಜಿನಿಯರಿಂಗ್ ಕಾಲೇಜು, 2018ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದವು.

ವಿದ್ಯಾರ್ಥಿ ಮಿತ್ರರೇ, ಬಹಮನಿಗಳ ಕೋಟೆಯಲ್ಲಿ ಇಂದು ಸುಲ್ತಾನರಿಲ್ಲ. ಅಲ್ಲಿಂದ ಎಬ್ಬಿಸಿ ಕಳಿಸಿದ ಗುರುವಿನ ಹೆಸರಿನಲ್ಲಿ ಸಾವಿರಾರು ಮಕ್ಕಳು ಓದುತ್ತಿದ್ದಾರೆ. ಉರ್ಸಿಗೆ ಹೋಗಿ ಹೂವು ಏರಿಸಿ ಬರುವುದಷ್ಟೇ ಅವರಿಗೆ ಸಲ್ಲಿಸುವ ಗೌರವವಲ್ಲ. ಮನೆಯಲ್ಲಿ ಶಾಲೆ ಬಿಟ್ಟ ತಮ್ಮನನ್ನೋ ತಂಗಿಯನ್ನೋ ಮತ್ತೆ ಶಾಲೆಗೆ ಕಳಿಸುವುದೂ ಅವರ ಹಾದಿಯೇ. ಅಲ್ಲಾಹನು ನಮಗೆ ಆ ಸದ್ಬುದ್ಧಿ ಕರುಣಿಸಲಿ. ಆಮೀನ್.