ಪ್ಲೇಗಿನ ಊರಲ್ಲಿ ಎದ್ದ ತಾಜ್

ಬೊಂಬಾಯಿಗೆ ಹೋದ ನಮ್ಮ ಕಡೆಯ ಜನ ಗೇಟ್‌ವೇ ಆಫ್ ಇಂಡಿಯಾ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳದೆ ವಾಪಸಾಗುವುದಿಲ್ಲ. ಎದುರಿಗೇ ಕೆಂಪು ಗುಮ್ಮಟದ ತಾಜ್ ಮಹಲ್ ಹೋಟೆಲ್. ಕಮಾನು ಮೊದಲು, ಹೋಟ್ಲು ಆಮೇಲೆ ಅಂತ ಬಹಳ ಜನರ ಲೆಕ್ಕ. ಈ ಲೆಕ್ಕ ತಪ್ಪು. ಕಮಾನು ಮುಗಿದದ್ದು 1924ರಲ್ಲಿ. ಹೋಟೆಲ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ಕ್ಕೆ!

ಕಟ್ಟಿಸಿದವರು ಜಮ್‌ಷೆಟ್‌ಜಿ ಟಾಟಾ. 1839ರಲ್ಲಿ ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ ಹುಟ್ಟಿದರು. 1868ರಲ್ಲಿ 21 ಸಾವಿರ ರೂಪಾಯಿ ಬಂಡವಾಳ ಹಾಕಿ ಸ್ವಂತ ವ್ಯಾಪಾರಕ್ಕಿಳಿದರು. 1877ರಲ್ಲಿ ನಾಗಪುರದಲ್ಲಿ ಬಟ್ಟೆ ಗಿರಣಿ ತೆರೆದು ದೊಡ್ಡ ಸಾಹುಕಾರರಾದರು.

ಬಿಳಿಯರ ಹೋಟೆಲೊಂದು ಒಳಗೆ ಬಿಡಲಿಲ್ಲ, ಆ ಹಟಕ್ಕೇ ತಾಜ್ ಕಟ್ಟಿಸಿದರು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಕೇಳೋಕೆ ಸೊಗಸು, ಗಟ್ಟಿ ದಾಖಲೆ ಮಾತ್ರ ಇಲ್ಲ. ನಡೆದದ್ದು ಅದಕ್ಕಿಂತ ದೊಡ್ಡ ಸಂಗತಿ. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಡಿಯಿತು. ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ವ್ಯಾಪಾರ ನೆಲಕಚ್ಚಿತು. ಅಂಥ ಹೊತ್ತಲ್ಲಿ, 1898ರಲ್ಲಿ, ಟಾಟಾ ಸಮುದ್ರದಂಡೆಯ ಜಾಗ ಹಿಡಿದು ಕೆಲಸ ಶುರು ಮಾಡಿಸಿದರು. ಹೆಸರು ಕೆಟ್ಟ ಊರಿಗೆ ಮತ್ತೆ ಹೊರಗಿನವರು ಬರಬೇಕಾದರೆ ಒಳ್ಳೇ ಬಿಡಾರ ಬೇಕು ಅನ್ನೋದು ಅವರ ವಿಚಾರ. ಹಾಕಿದ ದುಡ್ಡು ಸ್ವಂತದ್ದು.

ಮನೆಯವರಿಗೇ ಇದು ಹಿಡಿಸಲಿಲ್ಲ. ಇಷ್ಟು ದೊಡ್ಡ ಮನುಷ್ಯ ಖಾನಾವಳಿ ಇಡೋದೇ ಅಂತ ಒಡಹುಟ್ಟಿದವಳೇ ಮೂಗು ಮುರಿದಳಂತೆ. ಟಾಟಾ ಜಗ್ಗಲಿಲ್ಲ. ಸೀತಾರಾಂ ಖಂಡೇರಾವ್ ವೈದ್ಯ, ಡಿ.ಎನ್. ಮಿರ್ಜಾ ನಕ್ಷೆ ಬರೆದರು. ವೈದ್ಯರು ನಡುವೆಯೇ ತೀರಿಕೊಂಡರು. ಚೇಂಬರ್ಸ್ ಎಂಬ ಇಂಗ್ಲಿಷಿನವರು ಕೆಲಸ ಮುಗಿಸಿದರು. ವಿದ್ಯುತ್ ದೀಪ, ಲಿಫ್ಟು ಎಲ್ಲಾ ಬಂತು. ಸಾಮಾನು ಆರಿಸೋಕೆ ಟಾಟಾ ತಾವೇ ಯೂರೋಪು ಸುತ್ತಿದರು. ಇಷ್ಟಾದರೂ ತೆರೆದ ದಿನ ಬಂದ ಗಿರಾಕಿಗಳು ಬರೀ 17 ಮಂದಿ!

ಉಕ್ಕಿನ ಕಾರ್ಖಾನೆ, ನೀರಿನಿಂದ ವಿದ್ಯುತ್ತು, ವಿಜ್ಞಾನದ ವಿದ್ಯಾಸಂಸ್ಥೆ, ಈ ಹೋಟೆಲು: ಟಾಟಾ ಕಂಡ ದೊಡ್ಡ ಕನಸುಗಳು ನಾಲ್ಕು. ಕಣ್ಣಾರೆ ನೋಡಿದ್ದು ಹೋಟೆಲ್ ಒಂದನ್ನೇ, ಅದೂ ಐದೇ ತಿಂಗಳು. 1904ರ ಮೇ 19ರಂದು ಜರ್ಮನಿಯಲ್ಲಿ ತೀರಿಕೊಂಡರು. ಮೈಸೂರು ಮಹಾರಾಜರು ಕೊಟ್ಟ 371 ಎಕರೆಯಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಎದ್ದದ್ದು ಅವರು ಹೋದ ಮೇಲೆ, 1909ರಲ್ಲಿ. ಇವತ್ತಿಗೂ ಜನ ಅದನ್ನ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೀತಾರೆ.

ಮನೆಯವರೇ ಬೇಡವೆಂದ ಹೋಟೆಲು ಮೊದಲ ಮಹಾಯುದ್ಧದಲ್ಲಿ 600 ಹಾಸಿಗೆಯ ಆಸ್ಪತ್ರೆಯಾಯಿತು. 2008ರ ನವೆಂಬರ್ 26ರ ಉಗ್ರರ ದಾಳಿಯಲ್ಲಿ ಹೊತ್ತಿ ಉರಿಯಿತು. ಸುಟ್ಟ ಹಳೇ ಕಟ್ಟಡ ರಿಪೇರಿಯಾಗಿ 2010ರ ಆಗಸ್ಟ್ 15ಕ್ಕೆ ಮತ್ತೆ ಬಾಗಿಲು ತೆರೆಯಿತು. ಮುಂದಿನ ಸಲ ಫೋಟೊಗೆ ನಿಂತವರು ಆ ಗುಮ್ಮಟದ ಕಡೆಗೂ ಒಮ್ಮೆ ತಿರುಗಿ ನೋಡಲಿ.