ಪ್ಲೇಗನ್ನು ಎದುರಿಸಿದ ಧೀರವೈದ್ಯ ವೂ ಲಿಯೆನ್-ತೆ

ಇಲಿ ಸತ್ತುಬಿದ್ದರೆ ಮನೆ ಬಿಡಬೇಕೆಂಬುದನ್ನು ನಮ್ಮ ಹಿರಿಯರು ಅನುಭವದಿಂದ ಕಲಿತಿದ್ದರು. 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಬಂದ ಪ್ಲೇಗು ಮನೆಮನೆಗಳನ್ನು ಬರಿದುಮಾಡಿತು. ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಮನುಷ್ಯನಿಗೆ ಅಂಟುವುದೆಂಬುದನ್ನು ಭಾರತದಲ್ಲಿ ನಡೆದ ಸಂಶೋಧನೆಗಳು ದೃಢಪಡಿಸಿದವು. ಆದರೆ ಒಂದೆಡೆ ದೀಪವಾದ ತಿಳಿವಳಿಕೆ ಇನ್ನೊಂದೆಡೆ ಕಣ್ಣಿಗೆ ಕಟ್ಟಿದ ಬಟ್ಟೆಯಾಗುವುದೂ ಉಂಟು. ಆ ಬಟ್ಟೆಯನ್ನು ಬಿಚ್ಚಿ, ಆಸ್ಪತ್ರೆಗಳ ನಡೆಯನ್ನೇ ತಿದ್ದಿದ ಮಹನೀಯನು ಡಾಕ್ಟರ್ ವೂ ಲಿಯೆನ್-ತೆ.

ಈತನು 1879ರ ಮಾರ್ಚ್ 10ರಂದು ಮಲಯದ ಪಿನಾಂಗಿನಲ್ಲಿ ಜನಿಸಿದನು. ತಂದೆ ಚೀನದಿಂದ ವಲಸೆ ಬಂದ ಅಕ್ಕಸಾಲಿಗ. ಬಾಲಕನ ಬುದ್ಧಿಗೆ ವಿದ್ಯಾರ್ಥಿವೇತನ ದೊರೆತು, 1896ರಲ್ಲಿ ಅವನು ಕೇಂಬ್ರಿಜ್ಜಿನ ಇಮ್ಯಾನ್ಯುಯಲ್ ಕಾಲೇಜನ್ನು ಸೇರಿದನು. ವೈದ್ಯಪದವಿಯನ್ನು ಪಡೆದು ಊರಿಗೆ ಮರಳಿ, ಅಫೀಮಿನ ಪಿಡುಗಿನ ವಿರುದ್ಧ ಹೋರಾಡಿದನು. 1908ರಲ್ಲಿ ಚೀನ ಸರ್ಕಾರ ಅವನನ್ನು ತಿಯೆನ್‌ತ್ಸಿನ್ ನಗರದ ಸೇನಾ ವೈದ್ಯಕಾಲೇಜಿನ ಉಪನಿರ್ದೇಶಕನನ್ನಾಗಿ ನೇಮಿಸಿತು.

1910ರ ಚಳಿಗಾಲದಲ್ಲಿ ಮಂಚೂರಿಯದಲ್ಲಿ ಭೀಕರ ರೋಗವೊಂದು ತಲೆಯೆತ್ತಿತು. ತುಪ್ಪಳಕ್ಕಾಗಿ ಮಾರ್ಮಟ್ ಎಂಬ ಪ್ರಾಣಿಯನ್ನು ಬೇಟೆಯಾಡಲು ಹೋದವರಿಗೆ ಅದು ಮೊದಲು ತಗಲಿತು. ಅಲ್ಲಿಂದ ರೈಲಿನ ದಾರಿ ಹಿಡಿದು ಹಾರ್ಬಿನ್ ನಗರವನ್ನು ಮುಟ್ಟಿತು. ಡಿಸೆಂಬರ್ 24ರಂದು ಒಬ್ಬ ಸಹಾಯಕನೊಡನೆ ವೂ ಅಲ್ಲಿಗೆ ಬಂದಿಳಿದನು. ಆಗ ಅವನ ವಯಸ್ಸು 31. ಹೆಣವನ್ನು ಕೊಯ್ಯುವುದು ಆ ಜನಕ್ಕೆ ಮಹಾಪಾಪ. ಆದರೂ ಸತ್ತ ಹೆಂಗಸೊಬ್ಬಳ ದೇಹವನ್ನು ಗುಟ್ಟಾಗಿ ಪರೀಕ್ಷಿಸಿ, ಸೂಕ್ಷ್ಮದರ್ಶಕದಲ್ಲಿ ಪ್ಲೇಗಿನ ಕ್ರಿಮಿಗಳನ್ನು ಕಂಡನು. ಇದು ಶ್ವಾಸಕೋಶದ ಪ್ಲೇಗು. ಇಲಿ ಚಿಗಟಗಳ ಹಂಗಿಲ್ಲದೆ, ಕೆಮ್ಮು ಉಸಿರುಗಳಿಂದಲೇ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದೆ ಎಂದು ನಿರ್ಧರಿಸಿದನು.

ಹಾಗಾದರೆ ಆಸ್ಪತ್ರೆಯ ಪದ್ಧತಿಯೆಲ್ಲ ಬದಲಾಗಬೇಕಷ್ಟೆ? ರೋಗಿಯನ್ನು ಮುಟ್ಟುವ ವೈದ್ಯನಿಂದ ಹಿಡಿದು ಹೆಣ ಹೊರುವ ಕೂಲಿಯವರೆಗೆ ಎಲ್ಲರೂ ಹತ್ತಿ ಮತ್ತು ತೆಳುಬಟ್ಟೆಯ ಮುಖವಾಡವನ್ನು ಕಟ್ಟಿಕೊಳ್ಳಬೇಕೆಂದು ವೂ ವಿಧಿಸಿದನು. ಆದರೆ ಫ್ರಾನ್ಸಿನ ಡಾಕ್ಟರ್ ಮೆನಿ ಇದನ್ನು ಒಪ್ಪಲಿಲ್ಲ. ಅವನು ವಯಸ್ಸಿನಲ್ಲಿ ಹಿರಿಯನು, ಪ್ಲೇಗಿನ ಅನುಭವವೂ ಇದ್ದವನು. ಕಿರಿಯನಾದ ಚೀನೀಯನು ತನಗೆ ಪಾಠ ಹೇಳುವುದನ್ನು ಸಹಿಸದೆ, ಮುಖ್ಯಾಧಿಕಾರವನ್ನು ತನಗೇ ಕೊಡಬೇಕೆಂದು ಹಟಹಿಡಿದನು. ವೂ ರಾಜೀನಾಮೆ ಕೊಡಲು ಸಿದ್ಧನಾದನು. ಸರ್ಕಾರ ಅದನ್ನು ಸ್ವೀಕರಿಸದೆ ಅವನ ಪಕ್ಷವನ್ನೇ ಹಿಡಿಯಿತು. ಮೆನಿ ಮುಖವಾಡವಿಲ್ಲದೆ ರಷ್ಯನ್ನರ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಪರೀಕ್ಷಿಸಿದನು. ಕೆಲವೇ ದಿನಗಳಲ್ಲಿ, 1911ರ ಜನವರಿ 11ರಂದು, ಅದೇ ರೋಗಕ್ಕೆ ಬಲಿಯಾದನು. ತರ್ಕದಿಂದ ಒಲಿಯದವರು ಈ ಸಾವಿನಿಂದ ಒಲಿದರು. ಬೀದಿಬೀದಿಯಲ್ಲಿ ಮುಖವಾಡಗಳು ಕಾಣಿಸಿಕೊಂಡವು. ಮೆನಿಯೂ ಜನರ ಸೇವೆಗೆಂದೇ ಬಂದವನು. ಅವನನ್ನು ಕೊಂದದ್ದು ಅಜ್ಞಾನವಲ್ಲ, ಹಳೆಯ ಜ್ಞಾನದ ಮೇಲಿನ ಅತಿವಿಶ್ವಾಸ.

ಮುಖವಾಡ ಒಂದರಿಂದಲೇ ಕಾರ್ಯ ಮುಗಿಯುವಂತಿರಲಿಲ್ಲ. ರೋಗಿಗಳನ್ನೂ ಶಂಕಿತರನ್ನೂ ಒಂದೆಡೆ ಕೂಡಿಹಾಕಿದರೆ ಆಸ್ಪತ್ರೆಯೇ ರೋಗದ ತವರಾಗುತ್ತದೆ. ಆದ್ದರಿಂದ ವೂ ರೈಲ್ವೆಯವರಿಂದ ಸರಕಿನ ಡಬ್ಬಿಗಳನ್ನು ಎರವಲು ಪಡೆದು, ಶಂಕಿತರನ್ನು ಅವುಗಳಲ್ಲಿ ಬೇರೆಯಾಗಿರಿಸಿದನು. ಚೀನೀಯರ ಬಡಾವಣೆಯನ್ನು ನಾಲ್ಕು ಭಾಗ ಮಾಡಿ, ಒಂದರಿಂದ ಇನ್ನೊಂದಕ್ಕೆ ಓಡಾಟವನ್ನು ತಡೆದು, ಮನೆಮನೆಯ ತಪಾಸಣೆ ನಡೆಸಿದನು. ನೆಲ ಹೆಪ್ಪುಗಟ್ಟಿ ಹೂಳಲಾಗದೆ ಉಳಿದ ಹೆಣಗಳ ರಾಶಿ ಊರಾಚೆ ಬಿದ್ದಿತ್ತು. ಪಿತೃಗಳನ್ನು ಪೂಜಿಸುವ ನಾಡಿನಲ್ಲಿ ಹೆಣ ಸುಡುವುದೆಂದರೆ ಸಾಮಾನ್ಯವೆ? ವೂ ಚಕ್ರವರ್ತಿಯ ಅನುಜ್ಞೆಯನ್ನು ಬೇಡಿ ಪಡೆದನು. ಜನವರಿ 31ರಂದು ಎರಡು ಸಾವಿರಕ್ಕೂ ಹೆಚ್ಚು ಹೆಣಗಳಿಗೆ ದಹನ ಆರಂಭವಾಯಿತು. ಮಾರ್ಚ್ ಮೊದಲಲ್ಲಿ ಹಾರ್ಬಿನ್ನಿನ ರೋಗ ನಿಂತಿತು. ಅಷ್ಟರಲ್ಲಿ ಮಂಚೂರಿಯ ಪ್ರಾಂತದಲ್ಲಿ ಸುಮಾರು 60,000 ಜನ ತೀರಿಹೋಗಿದ್ದರು. ಏಪ್ರಿಲಿನಲ್ಲಿ ಮುಕ್ಡೆನ್ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಪ್ಲೇಗು ಸಮ್ಮೇಳನಕ್ಕೆ ಈ ತರುಣನೇ ಅಧ್ಯಕ್ಷನಾದನು.

ಇಷ್ಟಕ್ಕೇ ಅವನು ಕೈಕಟ್ಟಿ ಕೂರಲಿಲ್ಲ. ಬೆಂಕಿ ಬಿದ್ದಮೇಲೆ ಬಾವಿ ತೋಡಬಾರದೆಂದು ಅರಿತು, 1912ರಲ್ಲಿ ಉತ್ತರ ಮಂಚೂರಿಯದ ಪ್ಲೇಗು ನಿವಾರಣಾ ಸಂಸ್ಥೆಯನ್ನು ಕಟ್ಟಿದನು. ಅದರ ಆಸ್ಪತ್ರೆಗಳು ಸಾಮಾನ್ಯ ದಿನಗಳಲ್ಲಿ ಸಾಮಾನ್ಯ ರೋಗಿಗಳನ್ನು ನೋಡುತ್ತಿದ್ದವು; ಮಾರಿ ಬಂದಾಗ ತಕ್ಷಣ ಪ್ಲೇಗಿನ ಆಸ್ಪತ್ರೆಗಳಾಗಬಲ್ಲವಾಗಿದ್ದವು. 1920-21ರಲ್ಲಿ ರೋಗ ಮರಳಿತು. ಆದರೆ ಆ ಸಲ ಸತ್ತವರ ಸಂಖ್ಯೆ ಹತ್ತು ಸಾವಿರದೊಳಗೆ ನಿಂತಿತು. 1937ರಲ್ಲಿ ಯುದ್ಧದ ಕಾರಣದಿಂದ ವೂ ಚೀನವನ್ನು ಬಿಟ್ಟು ಮಲಯದ ಇಪೋ ಊರಿನಲ್ಲಿ ಸಾಮಾನ್ಯ ವೈದ್ಯನಾಗಿ ನೆಲಸಿದನು. 1960ರ ಜನವರಿ 21ರಂದು ತಾನು ಹುಟ್ಟಿದ ಪಿನಾಂಗಿನಲ್ಲೇ ಕಾಲವಾದನು.

2020ರಲ್ಲಿ ಕೊರೋನಾ ರೋಗ ಲೋಕವನ್ನು ಆವರಿಸಿದಾಗ ನಾವೆಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡೆವು. ಆ ಬಟ್ಟೆಯ ಹಿಂದೆ ಹಾರ್ಬಿನ್ನಿನ ಹಿಮದಲ್ಲಿ ನಿಂತ ಈ ತರುಣನ ಶ್ರಮವಿದೆಯೆಂದು ಎಷ್ಟು ಮಂದಿ ನೆನೆದೆವು? ಹಿರಿಯರನ್ನು ಗೌರವಿಸುವುದು ವಿದ್ಯಾರ್ಥಿಯ ಧರ್ಮ. ಕಣ್ಣಿಗೆ ಕಂಡ ಸತ್ಯವನ್ನು ಹಿರಿಯರೆದುರಿಗೂ ಬಿಟ್ಟುಕೊಡದಿರುವುದು ಅಷ್ಟೇ ದೊಡ್ಡ ಧರ್ಮ. ಇವೆರಡನ್ನೂ ಒಟ್ಟಿಗೆ ನಡೆಸಿದವನ ಬಾಳು ನಮಗೆ ದಾರಿದೀಪವಾಗಲಿ.