ವಿಕ್ಟರ್ ಗ್ರಿನ್ಯಾರ್: ಗುರುವನ್ನು ಮರೆಯದ ರಸಾಯನ ವಿಜ್ಞಾನಿ



ಉಬ್ರಾಣಿ ಹೋಬಳಿಯ ಹಳ್ಳಿಗಳಿಂದ ಬಸ್ಸು ಹತ್ತಿ ಬಂದು ಪಿಯುಸಿ ವಿಜ್ಞಾನ ಓದುವ ನೀವು ‘ಗ್ರಿಗ್ನಾರ್ಡ್ ಕಾರಕ’ ಎಂಬ ಹೆಸರನ್ನು ಬಾಯಿಪಾಠ ಮಾಡಿರುತ್ತೀರಿ. ಫ್ರೆಂಚರ ಉಚ್ಚಾರದಲ್ಲಿ ಅದು ಗ್ರಿನ್ಯಾರ್. ಸಮೀಕರಣ ಬರೆದು ಅಂಕ ಪಡೆದ ಮೇಲೆ ಆ ಮನುಷ್ಯ ಯಾರೆಂದು ಕೇಳುವವರು ಕಡಿಮೆ. ಈ ಸಲ ನೀವು ಕೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ವಿಕ್ಟರ್ ಗ್ರಿನ್ಯಾರ್ 1871ರ ಮೇ 6ರಂದು ಫ್ರಾನ್ಸಿನ ಬಂದರು ಪಟ್ಟಣ ಶೆರ್ಬೂರ್‌ನಲ್ಲಿ ಹುಟ್ಟಿದರು. ತಂದೆ ಹಡಗಿನ ಹಾಯಿ ತಯಾರಿಸುವ ಕೆಲಸದವರು. ಹುಡುಗ ವಿದ್ಯಾರ್ಥಿವೇತನದ ಬಲದಿಂದ ಕ್ಲೂನಿಯ ಶಿಕ್ಷಕರ ತರಬೇತಿ ಶಾಲೆ ಸೇರಿದ. ಎರಡೇ ವರ್ಷದಲ್ಲಿ, 1891ರಲ್ಲಿ, ಆ ಶಾಲೆಯೇ ಮುಚ್ಚಿತು. ಲಿಯೋನ್‌ಗೆ ಹೋಗಿ ಗಣಿತದ ಪದವಿ ಪರೀಕ್ಷೆಗೆ ಕುಳಿತರೆ ಅನುತ್ತೀರ್ಣ! ಸೈನ್ಯದ ಸೇವೆ ಮುಗಿಸಿ ಬಂದು 1894ರಲ್ಲಿ ಗಣಿತದಲ್ಲಿ ತೇರ್ಗಡೆಯಾದರು. ರಸಾಯನಶಾಸ್ತ್ರವೆಂದರೆ ಅವರಿಗೆ ಮೊದಲು ತಾತ್ಸಾರವಿತ್ತು. ಗೆಳೆಯನ ಒತ್ತಾಯಕ್ಕೆ ಮಣಿದು ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಯೋಗಾಲಯದ ಚಿಕ್ಕ ಹುದ್ದೆಯೊಂದನ್ನು ಒಪ್ಪಿಕೊಂಡರು. ನಪಾಸಾದೆನೆಂದು ಮುಖ ಮರೆಸಿಕೊಳ್ಳುವವರು ಈ ಭಾಗವನ್ನು ಇನ್ನೊಮ್ಮೆ ಓದಿ.

ಅಲ್ಲಿ ಅವರ ಉಸ್ತಾದರಾಗಿ ಸಿಕ್ಕವರು ಫಿಲಿಪ್ ಬಾರ್ಬಿಯೇ. ಲೋಹ ಮತ್ತು ಇಂಗಾಲವನ್ನು ಬೆಸೆದ ಸಂಯುಕ್ತಗಳನ್ನು ಫ್ರಾಂಕ್ಲಂಡ್ 1849ರಲ್ಲೇ ಸತುವಿನಿಂದ ತಯಾರಿಸಿದ್ದರು. ಆದರೆ ಅವು ಗಾಳಿ ತಗುಲಿದೊಡನೆ ಹೊತ್ತಿಕೊಳ್ಳುತ್ತಿದ್ದವು. ಸತುವಿನ ಬದಲು ಮೆಗ್ನೀಸಿಯಂ ಹಾಕಿ ನೋಡಿದವರು ಬಾರ್ಬಿಯೇ; 1899ರಲ್ಲಿ ಅದನ್ನು ಪ್ರಕಟಿಸಿದರು. ಫಲಿತಾಂಶ ಒಮ್ಮೆ ಬಂದರೆ ಇನ್ನೊಮ್ಮೆ ಬರುತ್ತಿರಲಿಲ್ಲ. ಬೇಸತ್ತ ಗುರು ಆ ವಿಷಯವನ್ನು ಶಿಷ್ಯನ ಕೈಗಿತ್ತರು.

ಬಾರ್ಬಿಯೇ ಎಲ್ಲವನ್ನೂ ಒಟ್ಟಿಗೆ ಬೆರೆಸುತ್ತಿದ್ದರು. ಗ್ರಿನ್ಯಾರ್ ಕೆಲಸವನ್ನು ಎರಡು ಹಂತ ಮಾಡಿದರು. ಮೊದಲು ತೇವವಿಲ್ಲದ ಈಥರ್‌ನಲ್ಲಿ ಮೆಗ್ನೀಸಿಯಂ ಮತ್ತು ಆಲ್ಕೈಲ್ ಹ್ಯಾಲೈಡ್ ಸೇರಿಸಿ ಕಾರಕವನ್ನು ಸಿದ್ಧಪಡಿಸುವುದು. ಆನಂತರ ಆಲ್ಡಿಹೈಡ್ ಅಥವಾ ಕೀಟೋನ್ ಬೆರೆಸುವುದು. ಈಥರ್‌ನ ಆಮ್ಲಜನಕ ಮೆಗ್ನೀಸಿಯಂಗೆ ಆಸರೆಯಾಗಿ ಕಾರಕವನ್ನು ಕಾಯುತ್ತದೆ. ನೀರು ಸೋಕಿದರೆ ಎಲ್ಲವೂ ಹಾಳು. ಇಂಗಾಲಕ್ಕೆ ಇಂಗಾಲ ಬೆಸೆದುಕೊಂಡು, ಕೊನೆಗೆ ನೀರು ಅಥವಾ ಆಮ್ಲ ಸೇರಿಸಿದಾಗ ಆಲ್ಕೋಹಾಲ್ ದೊರೆಯುತ್ತದೆ. (ಆಲ್ಕೋಹಾಲ್ ಎಂಬ ಪದ ಅರಬ್ಬಿಯ ‘ಅಲ್-ಕುಹ್ಲ್’ನಿಂದ ಬಂದದ್ದು.) 1900ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಕೆಲವೇ ಪುಟಗಳ ಲೇಖನ, 1901ರಲ್ಲಿ ಡಾಕ್ಟರೇಟ್ ಪ್ರಬಂಧ, 1912ರಲ್ಲಿ ನೊಬೆಲ್.

ಈಗ ಲೆಕ್ಕಕ್ಕೆ ಬನ್ನಿ. ವಿಜ್ಞಾನಿಯನ್ನು ಲೇಖನಗಳ ಸಂಖ್ಯೆಯಿಂದ, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದರೆಂಬುದರಿಂದ ಅಳೆಯುವುದು ಇಂದಿನ ರೂಢಿ. ಗ್ರಿನ್ಯಾರ್ ಪ್ರಕಟಿಸಿದ್ದು ಸುಮಾರು 170 ಬರಹ. ಅವರು 1935ರ ಡಿಸೆಂಬರ್ 13ರಂದು ತೀರಿಕೊಳ್ಳುವ ವೇಳೆಗೆ ಅವರ ಕ್ರಿಯೆಯನ್ನು ಬಳಸಿದ ಲೇಖನಗಳು ಸುಮಾರು 6000. ಉಲ್ಲೇಖಗಳ ಸೂಚಿ ಎಂಬ ದೊಡ್ಡ ಪುಸ್ತಕ ಅಮೆರಿಕದಲ್ಲಿ ಹೊರಬಂದದ್ದು 1960ರ ದಶಕದಲ್ಲಿ. ಅಷ್ಟರಲ್ಲಿ ಗ್ರಿನ್ಯಾರ್ ಹೆಸರು ಪಠ್ಯಪುಸ್ತಕ ಸೇರಿಯಾಗಿತ್ತು. ಇಂದು ಈ ಕಾರಕವನ್ನು ಬಳಸುವವರು ಸಾಮಾನ್ಯವಾಗಿ 1900ರ ಲೇಖನವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದಿಲ್ಲ, ಹೆಸರೊಂದೇ ಸಾಕು. ಬಹಳ ಬಳಕೆಯಾದದ್ದೇ ಎಣಿಕೆಯಿಂದ ತಪ್ಪಿಸಿಕೊಂಡಿತು, ನೋಡಿ.

ಎಲ್ಲವೂ ಹೊಗಳಿಕೆಗೆ ತಕ್ಕದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಅವರು ವಿಷಾನಿಲಗಳ ಮೇಲೂ ಕೆಲಸ ಮಾಡಿದರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಮಾತು. 1912ರ ಬಹುಮಾನ ಗ್ರಿನ್ಯಾರ್ ಮತ್ತು ಟೂಲೂಸಿನ ಪಾಲ್ ಸಬಾಟಿಯೇ ನಡುವೆ ಹಂಚಿಕೆಯಾಯಿತು. ಸಬಾಟಿಯೇ ತಮ್ಮ ಸಹೋದ್ಯೋಗಿ ಸಾಂಡರಾನ್ ಜೊತೆಗೆ, ತಾವು ಬಾರ್ಬಿಯೇ ಜೊತೆಗೆ ಹಂಚಿಕೊಂಡಿದ್ದರೆ ಚೆನ್ನಾಗಿತ್ತೆಂಬುದು ಗ್ರಿನ್ಯಾರ್ ಅಭಿಪ್ರಾಯವಾಗಿತ್ತು. ಹಾಗಾಗಲಿಲ್ಲ. 1919ರಲ್ಲಿ ಲಿಯೋನ್‌ನಲ್ಲಿ ಗುರುವಿನ ಪೀಠಕ್ಕೆ ಅವರೇ ಬಂದರು. ಬಾರ್ಬಿಯೇ 1922ರಲ್ಲಿ ತೀರಿಕೊಂಡರು. ಎಲ್ಲವನ್ನೂ ಒಟ್ಟಿಗೆ ಬೆರೆಸುವ ಆ ಹಳೆಯ ವಿಧಾನ ಇಂದಿಗೂ ಬಳಕೆಯಲ್ಲಿದೆ. ಮುಂದೆ ಎಂ.ಎಸ್‌ಸಿ.ಗೆ ಹೋದಾಗ ಅದು ನಿಮಗೆ ಬಾರ್ಬಿಯೇ ಕ್ರಿಯೆ ಎಂಬ ಹೆಸರಿನಲ್ಲಿ ಸಿಗುತ್ತದೆ.